ಕೂರಲಾಗದ ಕುರ್ಚಿ

ಕುರ್ಚಿಗೆ ಬಳಿದ ಬಣ್ಣ ಇನ್ನೂ ಆರಿರಲಿಲ್ಲವಾದ್ದರಿಂದ ಅವನು ಅದರ ಪಕ್ಕದಲ್ಲಿ ನಿಂತೇ ಇದ್ದ. ನಗರಸಭೆಯ ಮೂರನೆಯ ಮಹಡಿಯ ಆ ಕಾರಿಡಾರಿನಲ್ಲಿ, ಸಮಿತಿಯ ಕೋಣೆಯ ಮುಚ್ಚಿದ ಬಾಗಿಲಿನ ಎದುರು, ಕಾಯುವವರಿಗೆಂದು ಇದ್ದದ್ದು ಒಂದೇ ಸ್ಟೂಲು. ಅದರ ಮೇಲೆ ಜವಾನನ ಊಟದ ಡಬ್ಬಿ ಯಾರ ಮುಲಾಜೂ ಇಲ್ಲದೆ ಕೂತಿತ್ತು. ಡಬ್ಬಿಯನ್ನು ಕೆಳಗಿಡು ಎಂದು ಹೇಳುವ ಅಧಿಕಾರ ಅವನಿಗಿತ್ತು. ಎಷ್ಟಾದರೂ ಅವನು ಇಂಜಿನಿಯರು, ರಸ್ತೆ ಮತ್ತು ಕಾಲುದಾರಿಗಳ ವಿಭಾಗದವನು. ಆದರೆ ಹೇಳಿದರೆ ಜವಾನ ಡಬ್ಬಿಯನ್ನು ಎತ್ತಿಕೊಳ್ಳುವಾಗ ಒಂದು ಮುಖ ಮಾಡುತ್ತಾನೆ, ಆ ಮುಖವನ್ನು ಹೊತ್ತುಕೊಂಡು ತಾನು ಒಳಗೆ ಹೋಗಬೇಕಾಗುತ್ತದೆ, ಹೋದರೆ ಮೊದಲ ವಾಕ್ಯದಲ್ಲೇ ನಾಲಗೆ ತೊದಲುತ್ತದೆ ಎಂಬುದೆಲ್ಲ ಒಟ್ಟಿಗೇ ಹೊಳೆದು ಸುಮ್ಮನಾದ. ಹೀಗೆ ಎರಡು ಆಸನಗಳ ನಡುವೆ ನಿಂತುಕೊಂಡು, ಹೆಬ್ಬೆರಳಿಗೆ ಅಂಟಿದ್ದ ಕೆಂಪು ಬಣ್ಣವನ್ನು ಪ್ಯಾಂಟಿನ ಜೇಬಿನೊಳಗೇ ಒರೆಸಿಕೊಳ್ಳುತ್ತಿದ್ದ.

"ಕುರ್ಚಿ ತಂದಿದ್ದೀರಲ್ಲ ಸಾರ್, ಕೂತ್ಕೊಳ್ಳಿ" ಎಂದ ಜವಾನ.

"ಇದು ಕೂರೋದಕ್ಕಲ್ಲ."

"ಮತ್ತೆ?"

"ತೋರಿಸೋದಕ್ಕೆ."

ಜವಾನ ಕುರ್ಚಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿ, "ಬೆಂಚು ಹೋಗಿ ಕುರ್ಚಿಗೆ ಬಂತಾ ಹಾಗಾದ್ರೆ" ಎಂದು ಗೋಡೆಗೆ ಹೇಳುವಂತೆ ಹೇಳಿ, ಉಗುರು ಕಡಿಯತೊಡಗಿದ.

ಕಚೇರಿಯಲ್ಲಿ ಅವನ ಬೆನ್ನ ಹಿಂದೆ ಅವನಿಗೆ ಬೆಂಚಪ್ಪನೆಂದೇ ಹೆಸರು. ಕೆಲವರಿಗೆ ಬೆನ್ನು ಕಾಣುವವರೆಗೆ ಕಾಯುವ ತಾಳ್ಮೆಯೂ ಇರಲಿಲ್ಲ. ಬಸ್ ನಿಲ್ದಾಣದಿಂದ ದೊಡ್ಡಾಸ್ಪತ್ರೆಗೆ ಹೋಗುವ ಏರುರಸ್ತೆಯ ಉದ್ದಕ್ಕೂ, ಅಲ್ಲೊಂದು ಇಲ್ಲೊಂದರಂತೆ, ಸುಸ್ತಾದವರು ಕೂರಲು ಬೆಂಚುಗಳನ್ನು ಹಾಕಬೇಕು ಎಂಬುದು ಅವನ ಯೋಜನೆ. ಯೋಜನೆ ಎಂದು ಕರೆಯಲೂ ಸಂಕೋಚವಾಗುವಷ್ಟು ಸಣ್ಣದು. ಸೇತುವೆಯಲ್ಲ, ಸುರಂಗವಲ್ಲ, ಉದ್ಘಾಟನೆಗೆ ಯಾರನ್ನಾದರೂ ಕರೆದರೆ ಅವರು ರಿಬ್ಬನ್ ಕತ್ತರಿಸಿ ಕೂರಬೇಕಷ್ಟೇ. ಆದರೆ ಅದು ಸಮಿತಿಯ ಮುಂದೆ ಹೋಗಿ ಹೋಗಿ, ಬಂದು ಬಂದು, ಕಡತದ ನಾಲ್ಕೂ ಮೂಲೆ ಮಡಚಿ ಮೆತ್ತಗಾಗಿದ್ದವು. ಸಮಿತಿ ಯಾವತ್ತೂ ಯಾವುದಕ್ಕೂ ಇಲ್ಲ ಎನ್ನುವುದಿಲ್ಲ. ಇಲ್ಲ ಎಂದರೆ ಕಾರಣ ಕೊಡಬೇಕು, ಕಾರಣ ಕೊಟ್ಟರೆ ಅದಕ್ಕೊಂದು ಉತ್ತರ ಬರುತ್ತದೆ, ಉತ್ತರ ಬಂದರೆ ಓದಬೇಕು. ಅದಕ್ಕೆ 'ಮುಂದಿನ ಸಭೆಯಲ್ಲಿ ನೋಡೋಣ' ಎನ್ನುತ್ತದೆ. ಮುಂದಿನ ಸಭೆಯಲ್ಲಿ ಎಲ್ಲರೂ ಅವನನ್ನು ಮನೆಗೆ ಬಂದ ಹೊಸ ಬಾಡಿಗೆದಾರನನ್ನು ನೋಡುವಂತೆ ನೋಡಿ, ಯಾವ ಏರು, ಎಂಥ ಬೆಂಚು, ಎಂದು ಮೊದಲಿನಿಂದ ಶುರುಮಾಡುತ್ತಾರೆ. ಹಾಗೆ ಶುರುವಾದಾಗಲೆಲ್ಲ ಅವನಿಗೆ ತನ್ನ ಯೋಜನೆಯ ಮೇಲೆ ಅಲ್ಲ, ತಾನು ಬದುಕಿರುವುದರ ಮೇಲೇ ಸ್ವಲ್ಪ ಅನುಮಾನ ಬರುತ್ತಿತ್ತು.

ಕಾರಿಡಾರಿನ ತುದಿಯಲ್ಲಿ ಹಸಿರು ಬಣ್ಣದ ಒಂದು ಬಾಗಿಲಿತ್ತು. ಅದನ್ನು ತೆರೆದರೆ ಆಚೆ ಏನೂ ಇಲ್ಲ, ಆಕಾಶ. ಅದು ಹಿರಿಯ ಇಂಜಿನಿಯರು ಇಟ್ಟ ದೃಷ್ಟಿಬೊಟ್ಟು. ಹಿರಿಯರ ಸಿದ್ಧಾಂತವನ್ನು ಅವನು ಮೊದಲ ಸಲ ಕೇಳಿದ್ದು ಕ್ಯಾಂಟೀನಿನಲ್ಲಿ, ಕಡತ ಇನ್ನೊಮ್ಮೆ ವಾಪಸ್ ಬಂದ ದಿನ. "ನಿಮ್ಮ ಪ್ಲಾನಲ್ಲಿ ಒಂದು ತಪ್ಪೂ ಇಲ್ಲ ಕಣ್ರೀ. ಅದೇ ಬಂದಿರೋದು ಕಷ್ಟ" ಎಂದಿದ್ದರು ಅವರು, ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು. "ಅಲ್ಲಿ ಕೂತಿರೋರೂ ಮನುಷ್ಯರೇ ತಾನೇ? ಇಸ್ತ್ರಿ ಬಟ್ಟೆ ಹಾಕ್ಕೊಂಡು, ಕನ್ನಡಕ ಒರೆಸ್ಕೊಂಡು ಬಂದಿರ್ತಾರೆ. ಒಂದು ತಪ್ಪು ಹಿಡಿದ್ರೆ ತಾನೇ ಬಂದಿದ್ದಕ್ಕೂ ಸಾರ್ಥಕ? ನೀವು ಹುಡುಕಿದ್ರೂ ತಪ್ಪು ಸಿಗದ ಹಾಗೆ ಬರ್ಕೊಂಡು ಹೋದ್ರೆ ಅವರು ಏನು ಮಾಡ್ಬೇಕು, ಪಾಪ! ಮುಂದಕ್ಕೆ ಹಾಕ್ತಾರೆ. ಒಂದು ದೃಷ್ಟಿಬೊಟ್ಟು ಇಡಿ. ದೂರದಿಂದ್ಲೇ ಕಾಣೋ ಹಾಗೆ ಇಡಿ. ಅವರು ಅದನ್ನ ಒರೆಸಿ, ಮಗೂನ ನಿಮ್ಮ ಕೈಗೆ ಕೊಡ್ತಾರೆ." ಈ ಕಟ್ಟಡದ ನಕ್ಷೆ ಮಾಡುವಾಗಲೂ ಅವರು ಮೂರನೆಯ ಮಹಡಿಯ ಹೊರಗೋಡೆಗೆ ಒಂದು ಬಾಗಿಲು ಇಟ್ಟಿದ್ದರಂತೆ, ಸಮಿತಿ ಹಿಡಿದು ನಗಲಿ ಎಂದು. ಆದರೆ ಅವತ್ತು ಯಾರದೋ ಬೀಳ್ಕೊಡುಗೆಯ ಚಹಾ ತಣ್ಣಗಾಗುತ್ತಿತ್ತು. ಸಮಿತಿ ಕಣ್ಣಾಡಿಸದೆ ಸಹಿ ಹಾಕಿತು. ಕಟ್ಟುವವರು ನಕ್ಷೆಯಲ್ಲಿದ್ದಂತೆ ಬಾಗಿಲನ್ನೂ ಇಟ್ಟರು, ಹೊಸ್ತಿಲನ್ನೂ ಇಟ್ಟರು. ಅದಕ್ಕೆ ಈಗ ಹಾಕಿದ್ದ ಹಿತ್ತಾಳೆಯ ಬೀಗ ಅವನ ಮನೆಯದು. ಹಳೆಯ ಬೀಗ ತುಕ್ಕು ಹಿಡಿದು ಬಿದ್ದಾಗ, ಹೊಸದಕ್ಕೆ ಅರ್ಜಿ ಹಾಕಿ ಕಾಯುವಷ್ಟರಲ್ಲಿ ಯಾರಾದರೂ ಆ ಕಡೆ ಕಾಲಿಟ್ಟಾರು ಎಂದು ಜವಾನ ಗೊಣಗುತ್ತಿದ್ದುದನ್ನು ಕೇಳಿ, ಅವನೇ ಮನೆಯಿಂದ ತಂದುಕೊಟ್ಟಿದ್ದ. ಅವನ ಮನೆಯಲ್ಲಿ ಬೀಗಗಳಿಗೆ ಬರವಿರಲಿಲ್ಲ.

ಬೀಗಗಳಿಗೆಲ್ಲ ಹೆಂಡತಿಯ ಮಂಡಿಯೇ ಕಾರಣ. ಮೆಟ್ಟಿಲಲ್ಲಿ ಜಾರಿ ಬಿದ್ದ ಮೇಲೆ ಅವಳು ದೊಡ್ಡಾಸ್ಪತ್ರೆಯ ವ್ಯಾಯಾಮದ ಕೋಣೆಗೆ ದಿನ ಬಿಟ್ಟು ದಿನ ಹೋಗಬೇಕಾಗಿತ್ತು. ಬಸ್ಸಿಳಿದು ಏರು ಹತ್ತುವಷ್ಟರಲ್ಲಿ ಮಂಡಿ ಊದಿಕೊಳ್ಳುತ್ತಿತ್ತು. ಮೇಲೆ ಊತ ಇಳಿಸಿ ಕಳಿಸುತ್ತಿದ್ದರು. ಕೆಳಗಿಳಿದು ಬರುವಷ್ಟರಲ್ಲಿ ಇನ್ನೊಮ್ಮೆ ಊದುತ್ತಿತ್ತು. ಆ ರಸ್ತೆಗೆ ಆಂಬುಲೆನ್ಸ್ ಬಿಟ್ಟು ಬೇರೆ ಗಾಡಿಗಳನ್ನು ಬಿಡುವುದಿಲ್ಲ, ಆ ನಿಯಮ ಮಾಡಿದ್ದೂ ಅವನ ವಿಭಾಗವೇ, ಅದರ ಕರಡು ಬರೆದದ್ದೂ ಅವನೇ. ಬರೆಯುವಾಗ ನಡೆಯುವುದು ಆರೋಗ್ಯಕ್ಕೆ ಒಳ್ಳೆಯದು ಎಂಬ ಒಂದು ವಾಕ್ಯವನ್ನು ಕೈಯಿಂದ ಸೇರಿಸಿದ್ದ. ಮೊದಲ ದಿನ ಅವಳ ಜೊತೆಗೆ ಹೋದಾಗ, ಏರಿನ ನಡುವೆ ಹಾರ್ಡ್‌ವೇರ್ ಅಂಗಡಿಯ ಮುಂದೆ, ಅವಳು ತುಟಿ ಕಚ್ಚಿಕೊಂಡು ಅಂಗಡಿಯ ಕಲ್ಲಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಂಗಡಿಯವನು ಒಳಗಿನಿಂದಲೇ, "ಅಮ್ಮಾ, ಗಿರಾಕಿಗಳು ಓಡಾಡೋ ಜಾಗ ಅದು" ಎಂದ. ಇವಳು ನನ್ನ ಹೆಂಡತಿ, ಇವಳಿಗೆ ಮಂಡಿ ನೋವು, ನಾನು ನಗರಸಭೆಯ ಇಂಜಿನಿಯರು, ನಿನ್ನ ಮೆಟ್ಟಿಲು ಕಾಲುದಾರಿಯ ಮೇಲೆ ಒಂದು ಮೊಳ ಬಂದಿದೆ, ಎಂದು ಹೇಳಲು ಅವನ ಬಳಿ ಎಷ್ಟೊಂದು ಇತ್ತು. ಬಾಯಿ ತೆರೆದಾಗ ಬಂದದ್ದು, "ಒಂದು ಬೀಗ ಕೊಡಿ." ಅಂಗಡಿಯವನು ಒಂದು ಬೀಗ ತೋರಿಸಿದ. ಅವಳು ಇನ್ನೂ ಮಂಡಿ ನೀವಿಕೊಳ್ಳುತ್ತಿದ್ದಳು. "ಇನ್ನೂ ಸ್ವಲ್ಪ ಗಟ್ಟಿಯಾದ್ದು ತೋರಿಸಿ" ಎಂದ. ಅವಳು ಏಳುವವರೆಗೆ ಬೀಗಗಳನ್ನು ತೆರೆದು ಮುಚ್ಚಿ, ಕೀಲಿಗಳನ್ನು ತಿರುಗಿಸಿ, ಕೊನೆಗೆ ಒಂದನ್ನು ಕೊಂಡ. ಅಂದಿನಿಂದ ಅದೇ ರೂಢಿಯಾಯಿತು. ಈಗ ಅಂಗಡಿಯವನು ಅವನನ್ನು ಕಂಡರೆ ಕೇಳದೆಯೇ ಬೀಗದ ಪೆಟ್ಟಿಗೆ ಇಳಿಸುತ್ತಾನೆ, ಇವನು ಏನೋ ಗೋದಾಮಿನ ವ್ಯವಹಾರದವನೆಂದು ಅವನ ನಂಬಿಕೆ. "ಮನೆಗಿರೋದು ಒಂದೇ ಬಾಗಿಲು ರೀ. ಇನ್ನು ಒಳಗೆ ಕದಿಯೋಕೆ ಇರೋದು ಬೀಗಗಳು ಮಾತ್ರ" ಎಂದು ಹೆಂಡತಿ ನಗುತ್ತಾಳೆ. ಅವಳು ನಕ್ಕಾಗ ಅವನಿಗೆ ಇನ್ನೂ ಕಷ್ಟವಾಗುತ್ತದೆ. ಆ ದಿನ ಅಂಗಡಿಯವನಿಗೆ ಎರಡು ಮಾತು ಆಡಲಾರದೆ ಹೋದದ್ದನ್ನು ಅವಳು ಒಮ್ಮೆಯೂ ಎತ್ತಿ ಆಡಿರಲಿಲ್ಲ, ಆಡಿದ್ದರೆ ಅವನು ಸಿಟ್ಟು ಮಾಡಿಕೊಂಡು ಹಗುರಾಗಬಹುದಿತ್ತು.

"ನಿನ್ನ ಮಂಡಿ ವಾಸಿಯಾಗೋದ್ರೊಳಗೆ ಅಲ್ಲಿ ಬೆಂಚು ಬರುತ್ತೆ ಕಣೇ" ಎಂದು ಆಣೆ ಇಡುವಂತೆ ಹೇಳಿದ್ದ. ಅವಳು ಯೋಚಿಸಿ, "ಬೆಂಚು ಬರದೆ ಮಂಡಿ ವಾಸಿಯಾಗಲ್ಲ, ಮಂಡಿ ವಾಸಿಯಾಗೋವರೆಗೆ ಬೆಂಚು ಬರಲ್ಲ. ಒಳ್ಳೆ ಜೋಡಿ" ಎಂದಿದ್ದಳು. ಇವತ್ತು ಬೆಳಿಗ್ಗೆ ಹೊರಡುವಾಗ ಬಾಗಿಲಲ್ಲಿ ನಿಂತು, "ಸಾಯಂಕಾಲ ಇಳಿದು ಬರ್ತಾ ಅಂಗಡಿ ಹತ್ರ ಕಾಯ್ತಿರ್ತೀನಿ. ಬೀಗ ಬೇಡ, ಸುದ್ದಿ ತನ್ನಿ" ಎಂದಿದ್ದಳು. ಹೂಂ ಎಂದಿದ್ದ. ಕುರ್ಚಿಯ ವಿಷಯ ಮಾತ್ರ ಅವಳಿಗೆ ಹೇಳಿರಲಿಲ್ಲ.

ಹೇಳಲು ಅಂಥದ್ದೇನಿತ್ತು ಎಂದು ತನಗೆ ತಾನೇ ಕೇಳಿಕೊಂಡರೆ ಕಿವಿ ಬಿಸಿಯಾಗುತ್ತಿತ್ತು. ದೃಷ್ಟಿಬೊಟ್ಟು ಏನಿಡುವುದೆಂದು ಯೋಚಿಸುತ್ತ ಅವನು ಏರಿನ ಬುಡದಲ್ಲಿ, ಬಸ್ಸಿಳಿದವರಿಗೆಲ್ಲ ಎದುರಾಗುವಂತೆ, ಎರಡಾಳೆತ್ತರದ ಒಂದು ಕಾಂಕ್ರೀಟು ಕುರ್ಚಿಯನ್ನು ಬಿಡಿಸಿದ್ದ. 'ವಿಶ್ರಾಂತಿಯ ಸಂಕೇತ' ಎಂದು ಕೆಳಗೆ ಬರೆದಿದ್ದ. ಯಾರೂ ಹತ್ತಲಾರದ, ಯಾರೂ ಕೂರಲಾರದ, ಕಣ್ಣಿದ್ದವನು ಯಾರಾದರೂ ಇದೇನು ಹುಚ್ಚು ಎನ್ನಲೇಬೇಕಾದ ಕುರ್ಚಿ. ಆದರೆ ಬಿಡಿಸುತ್ತ ಬಿಡಿಸುತ್ತ ಕೈ ಹಗುರಾಗಿತ್ತು. ಬೆಂಚುಗಳನ್ನು ಬಿಡಿಸುವಾಗ ಅಳತೆ, ಸಿಮೆಂಟು, ಅಂತರ ಎಂದು ಹಲ್ಲು ಕಚ್ಚಿಕೊಂಡು ಗೆರೆ ಎಳೆದಿದ್ದವನು, ಈ ಕುರ್ಚಿಯ ಬೆನ್ನಿಗೆ ಒಂದು ಬಾಗು ಕೊಟ್ಟ, ಕೈಗಳನ್ನು ತುದಿಯಲ್ಲಿ ಸ್ವಲ್ಪ ಸುರುಳಿ ಮಾಡಿದ, ಸಂಜೆಯ ನೆರಳು ಬೀಳುವಂತೆ ಪೆನ್ಸಿಲಿನಿಂದ ಉಜ್ಜಿದ, ಕೆಳಗೆ ಅಳತೆ ತಿಳಿಯಲೆಂದು ನಿಲ್ಲಿಸಿದ ಪುಟ್ಟ ಮನುಷ್ಯನಿಗೆ ಒಂದು ಕೊಡೆಯನ್ನೂ ಕೊಟ್ಟ. ಬಿಡಿಸಿ ಮುಗಿಸಿದಾಗ ಶಿಳ್ಳೆ ಹಾಕುತ್ತಿದ್ದ. ಮಂಡಿ ನೋವಿನ ಹೆಂಡತಿ ಪಕ್ಕದ ಕೋಣೆಯಲ್ಲಿ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿರುವಾಗ, ಅವಳಿಗಾಗಿ ಎಂದುಕೊಂಡು ಮಾಡಿದ ಕೆಲಸದಲ್ಲಿ ಸುಳ್ಳಿನ ಭಾಗಕ್ಕೇ ತನ್ನ ಪ್ರೀತಿಯೆಲ್ಲ ಹೋಗಿದೆ ಎಂದು ಅವನಿಗೆ ಆ ಕ್ಷಣದಲ್ಲೇ ಗೊತ್ತಾಗಿ, ಶಿಳ್ಳೆ ನಿಲ್ಲಿಸಿದ್ದ.

ಕಡತ ಓದದವರಿಗೂ ಕಾಣಲಿ ಎಂದು ಮಾದರಿ ಮಾಡಿಸುವ ಉಪಾಯವೂ ಹಿರಿಯರದೇ. ಮಾದರಿಗೆ ಯಾರ ಮಂಜೂರಾತಿಯೂ ಬೇಕಿಲ್ಲ, ನಗರಸಭೆಯದೇ ಬಡಗಿಶಾಲೆ ಇದೆ, ಹಳೇ ಮರ ಬೇಕಾದಷ್ಟು ಬಿದ್ದಿದೆ. ಅಂಗೈ ಮೇಲೆ ನಿಲ್ಲುವಂಥದ್ದೊಂದು ಮಾಡಿಕೊಡಿ ಎಂದು ಬಡಗಿಗೆ ಹೇಳಿ ಬಂದಿದ್ದ. ಬಡಗಿ ದೊಡ್ಡ ಬಾಯಿಯವನು, ತನ್ನ ಕೈಯ ಕುರ್ಚಿಯಲ್ಲಿ ಕೂತವರು ರಾಜೀನಾಮೆ ಕೊಡಲಿಕ್ಕೇ ಒಪ್ಪುವುದಿಲ್ಲ ಎಂದು ಜಂಬ ಕೊಚ್ಚುವವನು. ಇವತ್ತು ಬೆಳಿಗ್ಗೆ ಹೋಗಿ ನೋಡಿದರೆ, ನಿಜವಾದ ಕುರ್ಚಿಯಷ್ಟೇ ದೊಡ್ಡ ಕೆಂಪು ಕುರ್ಚಿಯೊಂದು ಬಿಸಿಲಿಗೆ ಒಣಗುತ್ತಿದೆ. "ಇಷ್ಟು ದೊಡ್ಡದು ಯಾಕೆ ಮಾಡಿದ್ರಿ?" ಎಂದರೆ, "ಅಂಗೈ ಮೇಲಿಡೋ ಕುರ್ಚಿ ಮಾಡಿದ್ರೆ ಅದರ ಮೇಲೆ ಇಲಿ ಕೂರ್ಬೇಕು ಸಾರ್. ಕೂರೋಕಾಗದೇ ಇರೋದನ್ನ ಕುರ್ಚಿ ಅಂತ ಕೊಟ್ಟು ನನ್ನ ಹೆಸರು ಕೆಡಿಸ್ಕೊಳ್ಲಾ?" ಎಂದು, ತಾನೇ ಅದರ ಬೆನ್ನಿಗೆ ಇನ್ನೊಂದು ಸುತ್ತು ಬಣ್ಣ ಬಳಿದ. ಜಗಳವಾಡಲು ಹೊತ್ತಿರಲಿಲ್ಲ. ಹೊತ್ತುಕೊಂಡು ಬಂದ.

ಬಾಗಿಲು ತೆರೆಯಿತು. "ಬೆಂಚಪ್ಪ... ಅಲ್ಲ, ಸಾರ್, ಕರೀತಿದ್ದಾರೆ" ಎಂದ ಜವಾನ.

ಒಳಗೆ ಉದ್ದ ಮೇಜು, ಅದರ ಆಚೆ ಮೂವರು. ನಡುವೆ ಅಧ್ಯಕ್ಷರು, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವುದನ್ನೇ ಅರ್ಧ ಭಾಷಣವನ್ನಾಗಿ ಮಾಡಬಲ್ಲವರು. ಬಲಕ್ಕೆ ಹಣಕಾಸಿನವರು. ಎಡಕ್ಕೆ ನಿವೃತ್ತ ಮುಖ್ಯೋಪಾಧ್ಯಾಯಿನಿ, ಅವರು ನೋಡಿದರೆ ಎಂಥವನಿಗೂ ತಾನು ಉಗುರು ಕತ್ತರಿಸಿಕೊಂಡಿದ್ದೇನೆಯೇ ಎಂಬ ಯೋಚನೆ ಬರುತ್ತಿತ್ತು. ಅವನು ಕೆಂಪು ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. ಕುರ್ಚಿಯನ್ನು ಮೇಜಿನ ಮುಂದೆ ಇಟ್ಟ. ನಕ್ಷೆಯನ್ನು ಹರಡಿದ. ಈಗ ನಗುತ್ತಾರೆ, ಈಗ ಯಾರಾದರೂ ಇದೇನ್ರೀ ಇದು ಎಂದು ಕೇಳುತ್ತಾರೆ, ತಾನು ತಲೆ ಕೆರೆದುಕೊಂಡು, ಹೌದು ಸಾರ್, ತಪ್ಪಾಯ್ತು, ತೆಗೆದುಬಿಡ್ತೀನಿ ಎನ್ನಬೇಕು. ಆ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಎಷ್ಟು ತಗ್ಗಿ ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೂ ಸಿದ್ಧವಾಗಿತ್ತು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಇದೇನ್ರೀ ಇದು?"

"ಹೌದು ಸಾರ್, ತಪ್ಪಾ..."

"ಅದ್ಭುತವಾಗಿದೆ!"

ಅವನ ಬಾಯಲ್ಲಿ ಉಳಿದರ್ಧ ಮಾತು ಹಾಗೇ ನಿಂತಿತು. ಅಧ್ಯಕ್ಷರು ನಕ್ಷೆಯ ಮೇಲೆ ಬಾಗಿ, ಕೊಡೆ ಹಿಡಿದ ಪುಟ್ಟ ಮನುಷ್ಯನನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಮುಖ್ಯೋಪಾಧ್ಯಾಯಿನಿ ಕನ್ನಡಕ ಬದಲಾಯಿಸಿದರು.

"ನಿಜವಾದ್ದು ಎಷ್ಟೆತ್ತರ ಇರುತ್ತೆ?"

"ಎರಡಾಳೆತ್ತರ ಮೇಡಂ. ಯಾರೂ ಹತ್ತೋಕಾಗಲ್ಲ. ಯಾರೂ ಕೂರೋಕಾಗಲ್ಲ." ತಪ್ಪನ್ನು ತಟ್ಟೆಯಲ್ಲಿಟ್ಟು ಮುಂದೆ ಸರಿಸಿದಂತೆ, ಆಸೆಯಿಂದ, ಬಿಡಿಸಿ ಬಿಡಿಸಿ ಹೇಳಿದ.

"ಅದೇ ಒಳ್ಳೇದು. ಕೂರೋ ಹಾಗಿದ್ರೆ ಹೆಸರು ಕೆತ್ತಿ ಹಾಳು ಮಾಡ್ತಾರೆ."

ಹಣಕಾಸಿನವರು ಮಾತ್ರ ಹಾಳೆ ತಿರುವಿ, ಹುಬ್ಬು ಗಂಟಿಕ್ಕಿದರು. ಅವನಿಗೆ ಜೀವ ಬಂತು. "ಕುರ್ಚಿ ಸರಿ. ಇದೇನಿದು, ಉದ್ದಕ್ಕೂ ಬೆಂಚು ಬೆಂಚು ಅಂತ?"

"ಕೂರೋದಕ್ಕೆ ಸಾರ್."

"ಕುರ್ಚಿ ಇದೆಯಲ್ರೀ."

"ಅದರ ಮೇಲೆ ಕೂರೋಕಾಗಲ್ಲ ಸಾರ್."

"ನೋಡಿ, ಬೆಂಚು ಹಾಕಿದ್ರೆ ಜನ ಕೂತ್ಕೋತಾರೆ."

"ಹೌದು ಸಾರ್."

"ಕೂತ್ಕೊಂಡ್ರೆ ಏಳ್ಬೇಕಲ್ಲ?"

"ಸುಸ್ತು ಕಳೆದ ಮೇಲೆ ಏಳ್ತಾರೆ ಸಾರ್."

"ಅದನ್ನ ಯಾರು ನೋಡ್ಕೋತಾರೆ?"

ಸುಸ್ತು ಕಳೆದವರು ಏಳುತ್ತಾರೆಂಬುದನ್ನು ಸಾಬೀತು ಮಾಡುವ ಯಾವ ಲೆಕ್ಕವೂ ಇಂಜಿನಿಯರಿಂಗ್ ಓದುವಾಗ ಹೇಳಿಕೊಟ್ಟಿರಲಿಲ್ಲ. ಅಧ್ಯಕ್ಷರ ಮುಖದಲ್ಲಿ ನಿಧಾನಕ್ಕೆ ಒಂದು ತೃಪ್ತಿ ಹರಡಿತು. ಅದು ತಪ್ಪು ಹಿಡಿದವರ ತೃಪ್ತಿ; ಹಿರಿಯರು ಕ್ಯಾಂಟೀನಿನಲ್ಲಿ ಬಣ್ಣಿಸಿದ್ದು ಇದನ್ನೇ ಎಂದು ಅವನಿಗೆ ನೋಡಿದ ಕೂಡಲೇ ಗುರುತಾಯಿತು.

"ಇಷ್ಟು ಚೆಂದದ ಯೋಜನೇಲಿ ಒಂದೇ ಒಂದು ತಪ್ಪು ಕಾಣ್ತಿದೆ ನನಗೆ" ಎಂದರು ಅಧ್ಯಕ್ಷರು. "ಈ ಬೆಂಚುಗಳು. ಕುರ್ಚಿಯ ಗಾಂಭೀರ್ಯಾನ ಹಾಳು ಮಾಡ್ತಿವೆ. ಅದನ್ನ ತೆಗೆದುಬಿಡಿ. ಉಳಿದದ್ದು ಪಾಸು." ತೆಗೆದುಬಿಡ್ತೀನಿ ಎಂದು ಹೇಳಬೇಕಾದ ಜಾಗವೂ ಅವನು ಅಭ್ಯಾಸ ಮಾಡಿಕೊಂಡು ಬಂದ ಜಾಗವೇ ಆಗಿದ್ದರಿಂದ, ನಾಲಗೆ ತಾನಾಗಿಯೇ, "ತೆಗೆದುಬಿಡ್ತೀನಿ ಸಾರ್" ಎಂದುಬಿಟ್ಟಿತು. ಸರಿಯಾದಷ್ಟೇ ತಗ್ಗಿ, ಸರಿಯಾದಲ್ಲೇ ನಿಲ್ಲಿಸಿ.

"ಅಂದ ಹಾಗೆ, ಈ ಡ್ರಾಯಿಂಗ್ ಯಾರು ಮಾಡಿದ್ದು?"

"ನಾನೇ ಸಾರ್."

"ಕಲಾವಿದರು ಕಣ್ರೀ ನೀವು!" ಎಂದು ಅಧ್ಯಕ್ಷರು ಚಪ್ಪಾಳೆ ತಟ್ಟಿದರು, ಉಳಿದಿಬ್ಬರೂ ತಟ್ಟಿದರು. ಅವನಿಗೆ ನಗು ಬಂತು. ಬರಬಾರದಿತ್ತು, ಬಂತು. ಕಿವಿಯವರೆಗೆ ಬಂತು. ಇಷ್ಟು ವರ್ಷಗಳ ನೌಕರಿಯಲ್ಲಿ ಅವನಿಗಾಗಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ, ಮದುವೆಯಲ್ಲಿ ಕೂಡ ತಟ್ಟಿದ್ದು ಫೋಟೋದವನು, ಅದೂ ಎಲ್ಲರೂ ಈ ಕಡೆ ನೋಡಲಿ ಎಂದು. ಹೆಂಡತಿ ಕಲ್ಲಿನ ಮೆಟ್ಟಿಲ ಮೇಲೆ ಮಂಡಿ ನೀವಿಕೊಳ್ಳುವುದನ್ನು ಬಲವಂತವಾಗಿ ನೆನೆಸಿಕೊಂಡ, ನಗು ಹೋಗಲೆಂದು. ಅವಳು ನೆನಪಿಗೆ ಬಂದಳು, ನಗುವೂ ಉಳಿಯಿತು, ಎರಡೂ ಒಂದೇ ಮುಖದಲ್ಲಿ. ಆ ಹೊತ್ತಿಗೆ ಸಮಿತಿ ಬಣ್ಣಕ್ಕೆ ಇಳಿದಿತ್ತು. ಕೆಂಪೇ ಇರಲಿ ಎಂದರು ಅಧ್ಯಕ್ಷರು. ಆಸ್ಪತ್ರೆಯ ರಸ್ತೆಗೆ ಕೆಂಪು ಶೋಭಿಸುವುದಿಲ್ಲ, ನೀಲಿ ಎಂದರು ಮುಖ್ಯೋಪಾಧ್ಯಾಯಿನಿ. ಉಗ್ರಾಣದಲ್ಲಿ ಹಳದಿ ಮಿಕ್ಕಿದೆ ಎಂದರು ಹಣಕಾಸಿನವರು. ಹಸಿರೂ ಇರಲಿ, ಬಿಳಿಯೂ ಇರಲಿ, ಎಲ್ಲ ಬಣ್ಣದಲ್ಲೂ ಒಂದೊಂದು ಮಾದರಿ ಮಾಡಿಸಿ, ಸ್ಥಳದಲ್ಲೇ ಬಿಸಿಲು ಮಳೆಗೆ ಇಟ್ಟು, ಯಾವುದು ತಡೆಯುತ್ತದೆ ನೋಡಿ, ಆಮೇಲೆ ಸಮಿತಿ ತೀರ್ಮಾನ ಮಾಡುವುದು ಎಂದಾಯಿತು. ದೊಡ್ಡ ಕುರ್ಚಿಯ ಕೆಲಸ ಅಲ್ಲಿಯವರೆಗೆ ಶುರುಮಾಡುವ ಹಾಗಿಲ್ಲ. ಅವನು ಎಲ್ಲವನ್ನೂ ಬರೆದುಕೊಂಡ, ಏನು ಬರೆಯುತ್ತಿದ್ದೇನೆ ಎಂದು ನೋಡದೆ.

"ಸಾರ್, ಬೆಂಚು..." ಎಂದ, ಹೊರಡುವಾಗ.

"ಮುಂದಿನ ಸಭೆಯಲ್ಲಿ ನೋಡೋಣ."

ಹೊರಗೆ ಜವಾನ ಚಪ್ಪಾಳೆಯ ಸದ್ದು ಕೇಳಿಸಿಕೊಂಡಿದ್ದ. ಎದ್ದು ನಿಂತಿದ್ದ. ಡಬ್ಬಿಯನ್ನು ಸ್ಟೂಲಿನ ಮೇಲಿಂದ ಎತ್ತಿಕೊಂಡು, ಸ್ಟೂಲನ್ನು ತೋಳಿನಿಂದ ಒರೆಸಿ, "ಕೂತ್ಕೊಳ್ಳಿ ಸಾರ್" ಎಂದ. ಈ ಒಂದು ಮಾತಿಗಾಗಿ ಬೆಳಿಗ್ಗೆಯಿಂದ ಕಾದಿದ್ದ ಅವನಿಗೆ ಈಗ ಕೂರುವ ಧೈರ್ಯವಾಗಲಿಲ್ಲ. ಮೆಟ್ಟಿಲ ಬಳಿ ಹಿರಿಯ ಇಂಜಿನಿಯರು ಸಿಕ್ಕಿದರು.

"ಏನಾಯ್ತು? ಬೊಟ್ಟು ಒರೆಸಿದ್ರಾ?"

"ಇಲ್ಲ ಸಾರ್. ಬೊಟ್ಟು ಇಟ್ಕೊಂಡು ಮಗೂನ ಒರೆಸಿಬಿಟ್ರು."

ಹಿರಿಯರು ನಗಲಿಲ್ಲ. ಕಾರಿಡಾರಿನ ತುದಿಯ ಹಸಿರು ಬಾಗಿಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಕ್ಷೆಯನ್ನು ಬಿಡಿಸಿ ನೋಡಿ, ಕೊಡೆಯ ಮನುಷ್ಯನ ಮೇಲೆ ಕಣ್ಣಿಟ್ಟು, "ನೀವು ಚೆನ್ನಾಗಿ ಬಿಡಿಸಿಬಿಟ್ರಿ. ತಪ್ಪನ್ನ ಇಷ್ಟು ಚೆನ್ನಾಗಿ ಮಾಡಬಾರದಿತ್ತು" ಎಂದು ಮಡಚಿ ಅವನ ಕೈಗೆ ಕೊಟ್ಟರು.

ಕುರ್ಚಿಯನ್ನು ಕಚೇರಿಯಲ್ಲಿಡಲು ಜಾಗವಿರಲಿಲ್ಲ, ಬಡಗಿಶಾಲೆ ಮುಚ್ಚಿತ್ತು. ತಲೆಯ ಮೇಲೆ ಹೊತ್ತುಕೊಂಡು ಬಸ್ಸು ಹತ್ತಿದ. ಕಂಡಕ್ಟರು, ಸೀಟು ನೀವೇ ತಂದಿದ್ದೀರಾ ಎಂದಾಗ ಬಸ್ಸಿನವರೆಲ್ಲ ನಕ್ಕರು, ಅವನೂ ನಕ್ಕ, ನಗದಿದ್ದರೆ ಇನ್ನೂ ನಗುತ್ತಾರೆ ಎಂದು. ಏರಿನ ಬುಡದಲ್ಲಿ ಇಳಿದಾಗ ಎರಡಾಳೆತ್ತರದ ಕುರ್ಚಿ ಬರಲಿರುವ ಜಾಗದಲ್ಲಿ ನಾಯಿಯೊಂದು ಮಲಗಿತ್ತು. ಅವನಿಗೆ ನಾಯಿಯ ಎದುರೂ ಅಪರಾಧಿ ಭಾವ ಹುಟ್ಟಿತು. ಹತ್ತತೊಡಗಿದ. ಹೆಂಡತಿಗೆ ಏನು ಹೇಳುವುದು? ಪಾಸಾಯಿತು ಎನ್ನಬಹುದು, ಅದು ಸುಳ್ಳಲ್ಲ. ಬೆಂಚು ಮುಂದಿನ ಸಭೆಗೆ ಹೋಯಿತು ಎನ್ನಬಹುದು, ಅದೂ ಸುಳ್ಳಲ್ಲ. ಚಪ್ಪಾಳೆ ತಟ್ಟಿದರು ಎಂಬುದನ್ನು ಮಾತ್ರ ಹೇಳಬಾರದು. ಆದರೆ ಅವನಿಗೆ ಹೇಳಬೇಕೆನ್ನಿಸುತ್ತಿದ್ದುದು ಅದೊಂದೇ. ಏರು ಕಡಿದಾದಷ್ಟೂ ಕುರ್ಚಿಯ ಕಾಲು ಭುಜಕ್ಕೆ ಒತ್ತಿತು, ಉಸಿರು ಗಂಟಲಿಗೆ ಬಂತು, ಎದುರಿಗೆ ಇಳಿಯುತ್ತಿದ್ದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಆಸ್ಪತ್ರೆಗೆ ಕುರ್ಚಿಯೂ ಮನೆಯಿಂದಲೇ ಒಯ್ಯಬೇಕಾಯಿತೇ ಎಂದು ಒಬ್ಬರು ಮರುಕ ಪಟ್ಟರು. ನಕ್ಷೆಯಲ್ಲಿ ಒಂದು ಗೆರೆಯಾಗಿ ಕಾಣುತ್ತಿದ್ದ ಈ ರಸ್ತೆಯನ್ನು ತಾನು ಇಷ್ಟು ದಿನ ಬರಿಗೈಯಲ್ಲಿ ಮಾತ್ರ ಹತ್ತಿದ್ದೆ ಎಂದು ಅವನಿಗೆ ಈಗ ಗೊತ್ತಾಯಿತು.

ಹೆಂಡತಿ ಹಾರ್ಡ್‌ವೇರ್ ಅಂಗಡಿಯ ಪಕ್ಕದ ದೀಪದ ಕಂಬಕ್ಕೆ ಒರಗಿ, ಒಂದು ಕಾಲನ್ನು ನೆಲಕ್ಕೆ ಸೋಕಿಸಿಯೂ ಸೋಕಿಸದೆ ನಿಂತಿದ್ದಳು. ಅವನನ್ನು ಕಂಡು ಅಂಗಡಿಯವನು ಒಳಗೆ ಬೀಗದ ಪೆಟ್ಟಿಗೆ ಇಳಿಸುವ ಸದ್ದಾಯಿತು. ಅವನು ಕುರ್ಚಿಯನ್ನು ಇಳಿಸಿ ಅವಳ ಮುಂದಿಟ್ಟ. ಅವಳು ಕೂತಳು. ಕಣ್ಣು ಮುಚ್ಚಿ, ಬೆನ್ನು ಒರಗಿಸಿ, ಕಾಲು ಚಾಚಿ, ಹೊಟ್ಟೆಯ ಆಳದಿಂದ ಒಂದು ಉಸಿರು ಬಿಟ್ಟಳು. ಆ ಉಸಿರು ಕೇಳಿ ಅವನಿಗೆ ಅಳು ಬಂದಂತಾಯಿತು. ಬಡಗಿ ಸುಮ್ಮನೆ ಜಂಬ ಕೊಚ್ಚಿರಲಿಲ್ಲ.

"ಹಸಿ ಬಣ್ಣ ಕಣೇ" ಎಂದ, ತಡವಾಗಿ.

"ಇರ್ಲಿ ಬಿಡಿ. ಏನಾಯ್ತು ಹೇಳಿ."

ಎಲ್ಲವನ್ನೂ ಹೇಳಿದ. ದೃಷ್ಟಿಬೊಟ್ಟು, ಎರಡಾಳೆತ್ತರ, ಶಿಳ್ಳೆ ಹಾಕಿದ್ದು, ಚಪ್ಪಾಳೆ, ತಾನು ನಕ್ಕದ್ದು, ತೆಗೆದುಬಿಡ್ತೀನಿ ಸಾರ್ ಎಂದದ್ದು. ಒಂದನ್ನಾದರೂ ಮುಚ್ಚಿಡೋಣ ಎಂದುಕೊಂಡರೂ ಆಗಲಿಲ್ಲ. ಅವಳು ಕಣ್ಣು ಮುಚ್ಚಿ ಕೇಳುತ್ತಲೇ ಇದ್ದಳು. ಚಪ್ಪಾಳೆಯ ಜಾಗದಲ್ಲಿ ತುಟಿಯ ಕೊನೆ ಸ್ವಲ್ಪ ಅಲುಗಿತು. "ನನಗೂ ತೋರಿಸ್ಬಹುದಿತ್ತು ಆ ಡ್ರಾಯಿಂಗ್‌ನ" ಎಂದಳು. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಅವನು ಬೇರೆ ದಾರಿ ಕಾಣದೆ, ಮುಖ ತಿರುಗಿಸಿಕೊಂಡು, ಬರೆದುಕೊಂಡದ್ದನ್ನು ಓದತೊಡಗಿದ, ಬಣ್ಣಗಳ ಬಗ್ಗೆ, ಮಾದರಿಗಳ ಬಗ್ಗೆ.

ಅವಳು ಕಣ್ಣು ತೆರೆದಳು. "ತಡೀರಿ. ಅದನ್ನ ಇನ್ನೊಂದ್ಸಲ ಓದಿ."

"ಎಲ್ಲ ಬಣ್ಣದಲ್ಲೂ ಒಂದೊಂದು ಮಾದರಿ. ಸ್ಥಳದಲ್ಲೇ ಬಿಸಿಲು ಮಳೆಗೆ ಇಟ್ಟು ನೋಡೋದು."

"ಸ್ಥಳ ಅಂದ್ರೆ ಯಾವುದು?"

"ಇದೇ. ಈ ಏರು."

"ಮಾದರಿ ಅಂದ್ರೆ?"

ಅವನು ಅವಳು ಕೂತದ್ದನ್ನು ನೋಡಿದ. "ನೀನು ಕೂತಿದ್ದೀಯಲ್ಲ, ಅದು."

"ಎಷ್ಟು ದಿನ ಇಡ್ಬೇಕಂತೆ?"

"ತೀರ್ಮಾನ ಆಗೋವರೆಗೆ."

"ಯಾರು ತೀರ್ಮಾನ ಮಾಡೋದು?"

"ಸಮಿತಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕೆಳಗೆ ಬಸ್ಸೊಂದು ಬಂದು, ಜನರನ್ನು ಇಳಿಸಿ, ಹೋಯಿತು. ಅವಳಿಗೆ ಮೊದಲು ನಗು ಬಂತು, ಆಮೇಲೆ ಅವನಿಗೆ, ಅಂಗಡಿಯವನು ಹೊರಗೆ ಬಂದು ನೋಡುವಷ್ಟು ಜೋರಾಗಿ. "ರೀ" ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ, "ಲೋಕದಲ್ಲಿ ಒಟ್ಟು ಎಷ್ಟು ಬಣ್ಣ ಇದೆ?" ಅವನು ಬೆರಳು ಮಡಚತೊಡಗಿದ. ತಿಳಿನೀಲಿ ಬೇರೆ, ಕಡುನೀಲಿ ಬೇರೆ. ಇಟ್ಟಿಗೆ ಬಣ್ಣ. ಬೂದಿ ಬಣ್ಣ. ನಾಳೆ ಬೆಳಿಗ್ಗೆಯೇ ಬಡಗಿಶಾಲೆಗೆ ಹೋಗಬೇಕು. ಇಲಿ ಕೂರುವಂಥದ್ದು ಬೇಡ, ಇದೇ ಅಳತೆ ಇರಲಿ, ಎಂದು ಅಧಿಕಾರದ ದನಿಯಲ್ಲಿ ಹೇಳಬೇಕು.

"ಯಾರಾದ್ರೂ ಎತ್ಕೊಂಡು ಹೋದ್ರೆ?" ಎಂದ, ಇದ್ದಕ್ಕಿದ್ದಂತೆ ಗಾಬರಿಯಾಗಿ.

ಅವಳು ಅವನನ್ನು, ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ಈ ಮನುಷ್ಯ ಹೀಗೇ ಎನ್ನುವಂತೆ ನೋಡಿ, ಕೈಚೀಲದೊಳಗೆ ಕೈಯಿಟ್ಟು, ಮೊನ್ನೆ ಕೊಂಡು ಅಲ್ಲೇ ಮರೆತಿದ್ದ ಬೀಗವನ್ನು ತೆಗೆದು ಅವನ ಅಂಗೈಗಿಟ್ಟಳು. ಅವನು ಅಂಗಡಿಯ ಕಲ್ಲಿನ ಮೆಟ್ಟಿಲು ಹತ್ತಿದ. ಎದೆಯುಬ್ಬಿಸಿಕೊಂಡು ಹತ್ತಿದ.

"ಒಂದು ಸರಪಣಿ ಕೊಡಿ."

"ಬೀಗ ಬೇಡ್ವಾ ಸಾರ್?"

"ಬೇಡ. ಬೀಗ ಇದೆ" ಎಂದ. ಆ ಅಂಗಡಿಯಲ್ಲಿ ಅವನು ತಲೆಯೆತ್ತಿ ಆಡಿದ ಮೊದಲ ಮಾತು ಅದು. ಅಂಗಡಿಯವನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಮಂಡಿಯೂರಿ ಕೂತು, ಸರಪಣಿಯನ್ನು ಕುರ್ಚಿಯ ಕಾಲಿಗೂ ದೀಪದ ಕಂಬಕ್ಕೂ ಸುತ್ತಿ ಬೀಗ ಹಾಕುವಾಗ, ಅವನ ಪಕ್ಕದಲ್ಲಿ ಎರಡು ಧೂಳು ಹಿಡಿದ ಚಪ್ಪಲಿಗಳು ಬಂದು ನಿಂತವು. ತಲೆಯೆತ್ತಿದ. ಈಗಷ್ಟೇ ಬಸ್ಸಿಳಿದು ಬಂದ ಒಬ್ಬ ದಪ್ಪನೆಯ ಹೆಂಗಸು, ಕಂಕುಳಲ್ಲಿ ಎಕ್ಸ್‌ರೇಯ ದೊಡ್ಡ ಕವರು, ಮುಖವೆಲ್ಲ ಬೆವರು, ಮಾತಾಡಲು ಉಸಿರಿಲ್ಲ. ಹೆಂಡತಿ ಕಂಬ ಹಿಡಿದು ಎದ್ದಳು. ಅವಳ ಬೆನ್ನ ಮೇಲೆ ಅಡ್ಡಕ್ಕೆ ಎರಡು ಕೆಂಪು ಪಟ್ಟೆಗಳು ಬಿದ್ದಿದ್ದವು. ಅವನು ಅದನ್ನು ನೋಡಿಯೂ ಹೇಳಲಿಲ್ಲ, ಮನೆಗೆ ಹೋದ ಮೇಲೆ ಹೇಳಿದರಾಯಿತು ಎಂದುಕೊಂಡ.

"ಕೂತ್ಕೊಳ್ಳಿ ಅಕ್ಕಾ" ಎಂದಳು ಹೆಂಡತಿ.

ಆ ಹೆಂಗಸು ಕುರ್ಚಿಯನ್ನೂ, ಸರಪಣಿಯನ್ನೂ, ಅಂಗಡಿಯನ್ನೂ ಅನುಮಾನದಿಂದ ನೋಡಿದಳು. "ಯಾರದ್ದಮ್ಮಾ ಇದು? ಬಂದು ಏಳಿಸ್ತಾರೇನೋ?"

"ನಗರಸಭೇದು. ಯಾರೂ ಏಳಿಸಲ್ಲ. ಬಣ್ಣ ಯಾವುದು ಅಂತ ಅವರು ಸಭೆ ಸೇರಿ ತೀರ್ಮಾನ ಮಾಡೋವರೆಗೆ ಇಲ್ಲೇ ಇರುತ್ತೆ."

"ನಗರಸಭೆಯವರಾ ತೀರ್ಮಾನ ಮಾಡೋದು?"

"ಹೂಂ."

"ಹಾಗಾದ್ರೆ ಅವಸರ ಇಲ್ಲ" ಎಂದು ಆ ಹೆಂಗಸು ನಿಧಾನವಾಗಿ ಕೂತು, ಎಕ್ಸ್‌ರೇಯ ಕವರನ್ನು ಕುರ್ಚಿಯ ಕಾಲಿಗೆ ಒರಗಿಸಿಟ್ಟು, ಚಪ್ಪಲಿ ಕಳಚಿದಳು.